ಚಾವಡಿಯಿಂದ ಸುಲಿಯುವ ಕೊಟ್ಟಿಗೆಗೆ: 45 ಮೀಟರ್ ಆಡಿಯೋ ಲೈನಿನ ರಿಪೇರಿ

ಕಾಸರಗೋಡಿನ ಪೆರ್ಲದ ಹತ್ತಿರದ ನಮ್ಮ ಹಳೆಮನೆಯಲ್ಲಿ ಪದ (ಹಾಡು) ಹಾಕುವ ಜಾಗ ಒಂದು, ಕೇಳುವ ಜಾಗ ಇನ್ನೊಂದು. ದೊಡ್ಡಪ್ಪನ ಕ್ಯಾಸೆಟ್ ಡೆಕ್ಕು, ಮನೆಯಲ್ಲಿ ತಾಳಮದ್ದಳೆ ಕೂಟ ಆಗುವಾಗ ಮೈಕಿಗೆಂದು ತಂದಿಟ್ಟ ಸಣ್ಣ ಮಿಕ್ಸರ್, ಕಪಾಟು ತುಂಬ ಕ್ಯಾಸೆಟ್ಟು ಎಲ್ಲ ಇರುವುದು ಚಾವಡಿಯಲ್ಲಿ. ಚಾಲಿ ಅಡಿಕೆ ಸುಲಿಯುವವರು ಕೂರುವ ಕೊಟ್ಟಿಗೆ ಅಂಗಳ ದಾಟಿ, ಹಟ್ಟಿಗೆ ಸುತ್ತು ಹಾಕಿ, ಅದರಾಚೆ. ವಯರು ಹೋಗಬೇಕಾದ ದಾರಿ ಅಳೆದರೆ 45 ಮೀಟರ್. ಕೊಟ್ಟಿಗೆಯಲ್ಲಿ ಒಂದು ಪಿ.ಎ. (ಸಭೆಗಳಲ್ಲಿ ಮೈಕಿಗೆ ಬಳಸುವ) ಆಂಪ್ಲಿಫಯರ್, ಎಂಟು ಇಂಚಿನ ಒಂದು ಪೆಟ್ಟಿಗೆ ಸ್ಪೀಕರ್ ಮೊದಲೇ ಇದ್ದವು.

ಡೆಕ್ಕನ್ನೇ ಕೊಟ್ಟಿಗೆಗೆ ಹೊತ್ತುಕೊಂಡು ಹೋಗಬಹುದಲ್ಲ ಎಂದು ಕೇಳುವವರು ಅಡಿಕೆ ಸಿಪ್ಪೆಯ ಧೂಳು ನೋಡಿಲ್ಲ. ಒಂದು ಹಂಗಾಮಿನಲ್ಲಿ ಹೆಡ್ಡೂ ಹೋಗುತ್ತದೆ, ಬೆಲ್ಟೂ ಹೋಗುತ್ತದೆ. ಬ್ಲೂಟೂತ್ ಸ್ಪೀಕರ್ ಇಟ್ಟು ನೋಡಿದ್ದೂ ಆಗಿದೆ. ಅದು ಚಾವಡಿಯ ಮುರಕಲ್ಲಿನ ದಪ್ಪ ಗೋಡೆ ದಾಟಿ ಅಂಗಳದ ತುಳಸಿಕಟ್ಟೆಯವರೆಗೆ ಬರುತ್ತದೆ, ಆಮೇಲೆ ತುಂಡು ತುಂಡು. ಹತ್ತು ಮೀಟರ್ ಎಂದು ಲೆಕ್ಕವಿಟ್ಟು ಮಾಡಿದ ಸಾಧನದಿಂದ ಅದಕ್ಕಿಂತ ಹೆಚ್ಚು ನಿರೀಕ್ಷೆ ಮಾಡುವುದೂ ಸರಿಯಲ್ಲ. ಮೊಬೈಲಿನಲ್ಲಿ ಯೂಟ್ಯೂಬ್ ಹಾಕಿಕೊಳ್ಳಲಿ ಎಂದರೆ ದೊಡ್ಡಪ್ಪ ಒಪ್ಪುವುದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆಯನ್ನು ಕೂಟದಲ್ಲಿ ಕೂತು ತಾವೇ ರೆಕಾರ್ಡ್ ಮಾಡಿಕೊಂಡ ಕ್ಯಾಸೆಟ್ಟುಗಳು ಅವರವು. ಅವು ಬೇರೆಲ್ಲೂ ಸಿಗುವುದಿಲ್ಲ.

ಹಾಗಾಗಿ ತಾಮ್ರವೇ ಗತಿ. ಒಂದು ಲೈನ್ ಇತ್ತು ಕೂಡ. ಹಿಂದೆ ಯಾವುದೋ ಉಪನಯನದ ಗಡಿಬಿಡಿಯಲ್ಲಿ ಸೌಂಡಿನವರು ಎಳೆದು, ಕೊನೆಗೆ ಬಿಟ್ಟು ಹೋದ ಶೀಲ್ಡ್ ವಯರು, ಅಂದರೆ ನಡುವಿನ ಎಳೆಯ ಸುತ್ತ ಲೋಹದ ಬಲೆ ಇರುವಂಥದ್ದು. ಎರಡು ತುದಿಗೂ ಆರ್‌ಸಿಎ ಪಿನ್ನು, ಚಾವಡಿಯ ತುದಿಯಲ್ಲಿ ಒಂದು ಪುಟ್ಟ ವಾಲ್ಯೂಮ್ ಡಬ್ಬಿ. ಅದಕ್ಕೆ ಎರಡು ರೋಗ. ಒಂದು, ಸ್ವಿಚ್ಚು ಹಾಕಿದಲ್ಲಿಂದ ತೆಗೆಯುವವರೆಗೆ ಹಿಂದಿನಿಂದ ಬಿಡದೆ ಗುಂಯ್ ಎನ್ನುವುದು. ಇನ್ನೊಂದು, ಚೆಂಡೆ ಪೆಟ್ಟಿನ ಮೊನಚು, ಭಾಗವತರ ಕೈಯ ತಾಳ ಎರಡೂ ಕೇಳದೆ ಮಾತು ಮಾತ್ರ ಮಂಕಾಗಿ ಬರುವುದು. ದೊಡ್ಡಪ್ಪ ಕೊಟ್ಟಿಗೆಗೆ ಬಂದು ಒಂದು ನಿಮಿಷ ನಿಂತು ಕೇಳಿ, "ಎಂತ ಮಾರಾಯ ಇದು, ಭಾಗವತರಿಗೆ ದುಂಬಿ ಶ್ರುತಿ ಹಿಡಿಯುವುದಾ?" ಎಂದರು.

ದುಂಬಿಯದ್ದೇ ಮೊದಲು ನೋಡುವ ಎಂದು ಹೊರಟೆ.

ಇಂಥದ್ದಕ್ಕೆ ಎಲ್ಲರ ಬಾಯಿಂದ ಬರುವ ಮೊದಲ ಮಾತು "ವಯರು ಲೋಕಲ್, ಒಳ್ಳೆಯದು ಹಾಕು" ಎಂಬುದು. ಉದ್ದದ ವಯರು ಗಾಳಿಯಲ್ಲಿರುವ ಕರೆಂಟಿನ ಸದ್ದನ್ನೆಲ್ಲ ಹೀರಿಕೊಳ್ಳುತ್ತದೆ, ದಪ್ಪ ಶೀಲ್ಡ್ ಇದ್ದರೆ ಹೀರುವುದಿಲ್ಲ ಎನ್ನುವ ಲೆಕ್ಕ. ನಿಜವೋ ಸುಳ್ಳೋ ನೋಡಲು ಹಣ ಖರ್ಚು ಮಾಡಬೇಕಾಗಿಲ್ಲ. ಒಂದು ಹಳೆಯ ಆರ್‌ಸಿಎ ಪಿನ್ನಿನ ನಡುವಿನ ಕಡ್ಡಿಗೂ ಹೊರಗಿನ ಬಳೆಗೂ ಒಂದು ತುಂಡು ತಂತಿ ಬೆಸುಗೆ ಹಾಕಿದೆ. ಆ ಪಿನ್ನನ್ನು ಆಂಪ್ಲಿಫಯರಿನ ಆಕ್ಸ್ ತೂತಿಗೆ (ಹೊರಗಿನ ಸೆಟ್ಟಿನ ಪದ ಒಳಗೆ ಬರುವ ಜಾಗ) ಚುಚ್ಚಿದರೆ ನಿಶ್ಶಬ್ದ, ಅಂದರೆ ಆಂಪ್ಲಿಫಯರ್ ಸರಿ ಇದೆ. ಅದನ್ನು ತೆಗೆದು ಉದ್ದದ ವಯರನ್ನು ಚುಚ್ಚಿ, ಚಾವಡಿಯ ತುದಿಯನ್ನು ಮಿಕ್ಸರಿನಿಂದ ಬಿಡಿಸಿ ಅಲ್ಲಿ ಹಾಗೆಯೇ ಕಡ್ಡಿ ಬಳೆ ಜೋಡಿಸಿದೆ. 45 ಮೀಟರ್ ವಯರು ಪೂರ್ತಿ ಅಂಗಳದುದ್ದಕ್ಕೆ ಬಿದ್ದುಕೊಂಡಿದೆ, ಆದರೂ ಸ್ಪೀಕರಿಗೆ ಕಿವಿ ಹಚ್ಚಿದರೆ ಮಾತ್ರ ಕೇಳುವಷ್ಟು ಸದ್ದು. ಮಿಕ್ಸರಿನ ಬದಲಿಗೆ ಚಾರ್ಜಿಗೆ ಇಡದ ಮೊಬೈಲ್ ಜೋಡಿಸಿದೆ, ಪದ ಚೊಕ್ಕ ಬಂತು. ಮಿಕ್ಸರಿನ ಪಿನ್ನು ಮುಟ್ಟಿಸಿದ್ದೇ ತಡ, ದುಂಬಿ ಹಾಜರ್.

ಅಲ್ಲಿಗೆ ವಯರಿನ ಮೇಲಿನ ಅಪವಾದ ಮುಗಿಯಿತು. ಮಿಕ್ಸರಿಗೆ ಮೂರು ಪಿನ್ನಿನ ಪ್ಲಗ್ಗು, ಆಂಪ್ಲಿಫಯರಿಗೂ ಮೂರು ಪಿನ್ನು. ಚಾವಡಿಯ ಅರ್ತ್ ಮನೆ ಹಿಂದಿನ ಗುಂಡಿಗೆ ಹೋಗುತ್ತದೆ. ಕೊಟ್ಟಿಗೆಗೆ ಮನೆಯ ಬೋರ್ಡಿನಿಂದ ಫೇಸು, ನ್ಯೂಟ್ರಲ್ ಎರಡೇ ವಯರು ಹೋಗಿವೆ, ಅರ್ತಿಗೆ ಅಲ್ಲಿಯೇ ಪ್ರತ್ಯೇಕ ಗುಂಡಿ ತೋಡಿ ಇದ್ದಿಲು ಉಪ್ಪು ಹಾಕಿ ಪೈಪು ಹುಗಿದಿದ್ದಾರೆ. ಎರಡೂ ಭೂಮಿಯೇ, ಆದರೆ ಎರಡರ ವೋಲ್ಟೇಜು ಒಂದೇ ಅಲ್ಲ. ನಮ್ಮ ಮುರಕಲ್ಲಿನ ನೆಲ ಮಾರ್ಚ್ ಬಂತೆಂದರೆ ಒಣಗಿ ಗಟ್ಟಿಯಾಗುತ್ತದೆ, ಗುಂಡಿಗೆ ನೀರು ಹೊಯ್ಯದಿದ್ದರೆ ಅರ್ತಿನ ರೆಸಿಸ್ಟೆನ್ಸ್ ಏರುತ್ತದೆ. ಫ್ರಿಜ್ಜು, ಇನ್ವರ್ಟರು, ಪಂಪು, ಕಂಪ್ಯೂಟರಿನ ಪವರ್ ಸಪ್ಲೈ ಇವೆಲ್ಲವೂ ಸ್ವಲ್ಪ ಸ್ವಲ್ಪ ಕರೆಂಟನ್ನು ಅರ್ತಿಗೆ ಸೋರುತ್ತಲೇ ಇರುತ್ತವೆ. ಅದು ಗುಂಡಿಯ ರೆಸಿಸ್ಟೆನ್ಸಿನಲ್ಲಿ ಹರಿದಾಗ ಮನೆಯ ಅರ್ತು ಕೊಟ್ಟಿಗೆಯ ಅರ್ತಿಗಿಂತ ಒಂಚೂರು ಮೇಲೇರುತ್ತದೆ. ಆಡಿಯೋ ವಯರಿನ ಶೀಲ್ಡು ಎರಡು ಅರ್ತನ್ನೂ ಜೋಡಿಸಿ ಸುತ್ತು ಪೂರ್ಣ ಮಾಡುವುದರಿಂದ ಆ ವ್ಯತ್ಯಾಸದ ಕರೆಂಟು ಶೀಲ್ಡಿನಲ್ಲೇ ಹರಿಯುತ್ತದೆ.

ಎಷ್ಟು ಮೇಲೇರುತ್ತದೆ ಎಂದು ಮೀಟರ್ ಹಿಡಿದೆ. ಮಿಕ್ಸರಿನ ಮೈಗೂ, ಅದರಿಂದ ಬಿಡಿಸಿಟ್ಟ ವಯರಿನ ಶೀಲ್ಡಿಗೂ ನಡುವೆ ಎಸಿ 0.6 ವೋಲ್ಟ್. ಪಂಪು ಹಾಕಿದಾಗ ಇನ್ನೂ ಸ್ವಲ್ಪ ಜಾಸ್ತಿ. ಮೀಟರನ್ನು ಮಿಲಿಆಂಪಿಯರಿಗೆ ತಿರುಗಿಸಿ ಅದರ ಮೂಲಕವೇ ಎರಡನ್ನೂ ಜೋಡಿಸಿದರೆ ಹದಿನೈದರ ಆಸುಪಾಸು. ಶೀಲ್ಡಿನ ರೆಸಿಸ್ಟೆನ್ಸ್ ತುದಿಯಿಂದ ತುದಿಗೆ 1.2 ಓಮ್. ಗುಣಿಸಿದರೆ 18 ಮಿಲಿವೋಲ್ಟ್. ಮನೆಬಳಕೆಯ ಆಡಿಯೋ ಲೈನಿನಲ್ಲಿ ಪದ ಹೋಗುವುದೇ ಸುಮಾರು 300 ಮಿಲಿವೋಲ್ಟಿನಲ್ಲಿ. ಶೀಲ್ಡು ಇಲ್ಲಿ ಬರೀ ಬೇಲಿಯಲ್ಲ, ಪದ ಮರಳಿ ಬರುವ ವಯರೂ ಅದೇ. ಹಾಗಾಗಿ ಆ 18 ಮಿಲಿವೋಲ್ಟ್ ನೇರ ಪದದ ಜೊತೆ ಕೂಡಿಕೊಂಡು ಆಂಪ್ಲಿಫಯರಿನ ಒಳಗೆ ಹೋಗುತ್ತದೆ. ಎಷ್ಟು ದುಬಾರಿ ವಯರು ತಂದರೂ ಶೀಲ್ಡಿನ ರೆಸಿಸ್ಟೆನ್ಸ್ ಕಡಿಮೆಯಾದೀತೇ ಹೊರತು ಸೊನ್ನೆಯಾಗುವುದಿಲ್ಲ.

ಗುಂಯ್‌ನಲ್ಲಿಯೂ ಎರಡು ಜಾತಿ ಇದೆ, ಕಿವಿಯಲ್ಲೇ ಗುರುತು ಹಿಡಿಯಬಹುದು. ಅರ್ತಿನಿಂದ ಬಂದದ್ದರ ಬುಡ 50 ಹರ್ಟ್ಸ್. ಆಂಪ್ಲಿಫಯರಿನ ಒಳಗಿನ ಫಿಲ್ಟರ್ ಕೆಪಾಸಿಟರ್ ಹಳತಾಗಿ ಬರುವ ಸದ್ದು ಅದರ ಇಮ್ಮಡಿ, 100 ಹರ್ಟ್ಸ್. ಹಾರ್ಮೋನಿಯಮ್ಮಿನ ಬಿಳಿ ಐದರ ಕೆಳಗಿನ ಸ್ಥಾಯಿ 98 ಹರ್ಟ್ಸ್, ಅದರ ಕೆಳಗಿನದ್ದು 49. ಅಂದರೆ ನಮ್ಮ ಕರೆಂಟು ಬಿಳಿ ಐದಕ್ಕಿಂತ ಒಂದಿಷ್ಟು ಏರಿಸಿ ಶ್ರುತಿ ಹಿಡಿದು ಕೂತಿರುತ್ತದೆ. ಭಾಗವತರು ಅದೇ ಶ್ರುತಿಯಲ್ಲಿ ಹಾಡಿದ ಕ್ಯಾಸೆಟ್ಟಿನಲ್ಲಿ ಗುಂಯ್ ಅಷ್ಟು ಕಾಡುವುದಿಲ್ಲ, ಕಪ್ಪು ಎರಡರಲ್ಲಿ ಹಾಡಿದ್ದರೆ ತಲೆನೋವು ಬರುತ್ತದೆ. ದೊಡ್ಡಪ್ಪ ಶ್ರುತಿಯ ಮಾತು ತೆಗೆದದ್ದು ತಮಾಷೆಗೆ ಮಾತ್ರ ಇರಲಾರದು.

ಇಷ್ಟು ಹೇಳಿದಾಗ ಕೊಟ್ಟಿಗೆಯ ವಯರಿಂಗ್ ನೋಡಲು ಬಂದಿದ್ದ ಇಲೆಕ್ಟ್ರಿಷಿಯನ್ ಕೊಟ್ಟ ಮದ್ದು: "ಆಂಪ್ಲಿಫಯರಿನ ಅರ್ತ್ ಪಿನ್ನು ಮುರಿಯಿರಿ, ಅರ್ಧ ನಿಮಿಷದ ಕೆಲಸ." ಗುಂಯ್ ನಿಲ್ಲುತ್ತದೆ, ಸಂಶಯವೇ ಇಲ್ಲ. ಆದರೆ ಆ ಆಂಪ್ಲಿಫಯರಿನ ಮೈ ಪೂರ್ತಿ ತಗಡು. ಒಳಗಿನ ಟ್ರಾನ್ಸ್‌ಫಾರ್ಮರಿನ ಇನ್ಸುಲೇಷನ್ ಒಂದು ದಿನ ಸೋತು ಫೇಸು ತಗಡಿಗೆ ತಾಗಿದರೆ, ಮಳೆಗಾಲದ ಪಸೆ ಹಿಡಿದ ನೆಲದಲ್ಲಿ ಬರಿಗಾಲಲ್ಲಿ ಕೂತು ಕೈಚಾಚಿ ವಾಲ್ಯೂಮ್ ತಿರುಗಿಸುವವರೇ ಅರ್ತು. ಅಥವಾ ಆ ಕರೆಂಟು ನನ್ನ ತೆಳ್ಳಗಿನ ಶೀಲ್ಡ್ ಹಿಡಿದು ಚಾವಡಿಯ ಮಿಕ್ಸರಿಗೆ, ಅಲ್ಲಿಂದ ಮೈಕ್ ಹಿಡಿದವರ ಕೈಗೆ. ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚು) ಇದೆಯಲ್ಲ ಎಂದರು. ಇದೆ, ಇರಲಿ. ಎರಡು ಕಾವಲಲ್ಲಿ ಒಂದನ್ನು ಪದದ ಚೆಂದಕ್ಕಾಗಿ ಕಿತ್ತು ಹಾಕುವುದು ಬುದ್ಧಿವಂತಿಕೆಯಲ್ಲ. ಪಿನ್ನಿಗೆ ಕೈ ಹಾಕಲು ನಾನು ಬಿಡಲಿಲ್ಲ.

ಎರಡನೆಯ ರೋಗ, ಚೆಂಡೆ ಮಂಕಾಗುವುದು. ಇದರ ಕಾರಣ ಅರ್ತಲ್ಲ, ಆ ಪುಟ್ಟ ವಾಲ್ಯೂಮ್ ಡಬ್ಬಿ. ಬಿಚ್ಚಿ ನೋಡಿದರೆ ಒಳಗೆ 50 ಕಿಲೋಓಮಿನ ಪಾಟ್ (ತಿರುಗಿಸಿ ಹೆಚ್ಚುಕಡಿಮೆ ಮಾಡುವ ರೆಸಿಸ್ಟೆನ್ಸ್) ಒಂದೇ, ಬೇರೆ ಏನೂ ಇಲ್ಲ. ಅದರ ರೆಸಿಸ್ಟೆನ್ಸ್ ನಡುಮಧ್ಯಕ್ಕೆ ಬರುವ ಹಾಗೆ ತಿರುಗಿಸಿಟ್ಟಾಗ ವಯರಿನ ಕಣ್ಣಿಗೆ ಕಾಣುವ ಇಂಪಿಡೆನ್ಸ್ (ಎಸಿಗೆ ಒಡ್ಡುವ ತಡೆ) 12.5 ಕಿಲೋಓಮ್. ಶೀಲ್ಡ್ ವಯರಿನಲ್ಲಿ ಕಡ್ಡಿಗೂ ಬಲೆಗೂ ನಡುವೆ ಮೀಟರಿಗೆ ನೂರು ಚಿಲ್ಲರೆ ಪಿಕೋಫ್ಯಾರಡ್ ಕೆಪಾಸಿಟೆನ್ಸ್ (ಚಾರ್ಜು ಹಿಡಿದಿಡುವ ಗುಣ) ಇರುವುದು ಮಾಮೂಲು. 120 ಎಂದಿಟ್ಟುಕೊಂಡರೆ 45 ಮೀಟರಿಗೆ 5.4 ನ್ಯಾನೋಫ್ಯಾರಡ್. ಈ ಎರಡು ಸೇರಿದರೆ ಸುಮಾರು 2,400 ಹರ್ಟ್ಸಿನಿಂದ ಮೇಲಿನದ್ದೆಲ್ಲ ಇಳಿಯುತ್ತ ಹೋಗುವ ಒಂದು ಫಿಲ್ಟರ್ ತಯಾರು. ಮಾತಿನ ಬಹುಪಾಲು ಅದರ ಕೆಳಗೆ ಉಳಿಯುತ್ತದೆ, ತಾಳದ ಕಿಣಿಕಿಣಿ ಇರುವುದೇ ಅದರ ಮೇಲೆ. ಡಬ್ಬಿಯನ್ನು ಕಳಚಿ ಮಿಕ್ಸರಿನಿಂದ ನೇರ ಕೊಟ್ಟಾಗ ತಾಳ ಕೇಳಿತು. ಮಿಕ್ಸರಿನ ಔಟ್‌ಪುಟ್ ಇಂಪಿಡೆನ್ಸ್ ಒಂದೆರಡು ನೂರು ಓಮ್ ಮಾತ್ರ, ಅದಕ್ಕೆ ಇಷ್ಟು ಕೆಪಾಸಿಟೆನ್ಸ್ ಲೆಕ್ಕಕ್ಕೇ ಇಲ್ಲ. ಉದ್ದದ ಲೈನಿಗೆ ವಾಲ್ಯೂಮ್ ಪಾಟ್ ಇಡುವುದಿದ್ದರೆ ಕೇಳುವವರ ತುದಿಯಲ್ಲಿ ಇಡಬೇಕು, ಕಳಿಸುವ ತುದಿಯಲ್ಲಿ ಅಲ್ಲ.

ಈಗ ಹೊಸ ಲೈನ್ ಹೇಗೆ ಎಂಬ ಪ್ರಶ್ನೆ.

ಆಂಪ್ಲಿಫಯರನ್ನೇ ಚಾವಡಿಗೆ ತಂದು ಸ್ಪೀಕರ್ ವಯರು ಮಾತ್ರ ಎಳೆದರೆ ಅರ್ತಿನ ಜಗಳವೇ ಇಲ್ಲವಲ್ಲ ಎಂದು ನನ್ನ ಭಾವ ಹೇಳಿದ. ಸರಿಯಾದ ಮಾತು. ಸ್ಪೀಕರಿಗೆ ಅರ್ತ್ ಇಲ್ಲ, ಸುತ್ತು ಪೂರ್ಣವಾಗುವುದಿಲ್ಲ. ಆದರೆ ಆಗ ತಾಮ್ರದ ದಪ್ಪ ಲೆಕ್ಕಕ್ಕೆ ಬರುತ್ತದೆ. 1.5 ಚದರ ಮಿಲಿಮೀಟರ್ ವಯರಿನಲ್ಲಿ ಹೋಗಿ ಬರುವ 90 ಮೀಟರಿಗೆ ಸುಮಾರು 1.1 ಓಮ್, ಎಂಟು ಓಮ್ ಸ್ಪೀಕರಿಗೆ ಅಷ್ಟು ತಡೆದುಕೊಳ್ಳಬಹುದು. ಮನೆಯಲ್ಲಿ ಬಿದ್ದಿದ್ದ ನೆಟ್‌ವರ್ಕ್ ಕೇಬಲಿನ ಒಂದು ಜೋಡಿಯಲ್ಲಿ ಕೊಟ್ಟರೆ ಆರು ಓಮ್ ದಾರಿಯಲ್ಲೇ ಹೋಗಿ, ಸ್ಪೀಕರಿಗೆ ತಲುಪುವುದು ತಲುಪಬೇಕಾದ ಪವರಿನ ಮೂರರಲ್ಲಿ ಒಂದು ಪಾಲು. ಪಿ.ಎ. ಆಂಪ್ಲಿಫಯರಿನ ಹಿಂದೆ ಇರುವ 100 ವೋಲ್ಟ್ ಲೈನನ್ನು ಬಳಸುವುದು ಇನ್ನೊಂದು ದಾರಿ. ದೇವಸ್ಥಾನ, ಮಸೀದಿಗಳ ಹಾರ್ನುಗಳಿಗೆ ದೂರದೂರ ವಯರು ಹೋಗುವುದು ಹೀಗೆಯೇ. 15 ವ್ಯಾಟಿನ ಲೈನ್ ಟ್ರಾನ್ಸ್‌ಫಾರ್ಮರ್ 667 ಓಮ್ ಆಗಿ ಕಾಣುವುದರಿಂದ ವಯರಿನ ಒಂದೆರಡು ಓಮ್ ನಗಣ್ಯ. ಬರೀ ಹಾರ್ನ್ ಹಾಕುವವರಿಗೆ ಇದಕ್ಕಿಂತ ಸುಲಭದ್ದು ಇಲ್ಲ, ಆದರೆ ಆ ಲೈನನ್ನು ಮನೆಯ ಕರೆಂಟಿನಷ್ಟೇ ಹೆದರಿಕೆಯಿಂದ ಮುಟ್ಟಬೇಕು. ನಮ್ಮಲ್ಲಿ ಕೊಟ್ಟಿಗೆಯವರಿಗೆ ವಾಲ್ಯೂಮು ಕೈಗೆಟುಕಬೇಕು, ಹಾಗಾಗಿ ಆಂಪ್ಲಿಫಯರ್ ಅಲ್ಲಿಯೇ ಇರಲಿ ಎಂದು ತೀರ್ಮಾನಿಸಿದೆ.

ಹಾಗಿದ್ದರೆ ಬೇಕಾದ್ದು ಎರಡು: ಹೆಣೆದ ಜೋಡಿ ವಯರು, ಕೊಟ್ಟಿಗೆಯ ತುದಿಯಲ್ಲಿ ಒಂದು ಆಡಿಯೋ ಟ್ರಾನ್ಸ್‌ಫಾರ್ಮರ್. ಹೆಣೆದ ಜೋಡಿ ಹೊಸದಲ್ಲ, ಅಲೆಗ್ಸಾಂಡರ್ ಗ್ರಹಾಂ ಬೆಲ್ ಟೆಲಿಫೋನ್ ಲೈನಿಗೆಂದು 1881ರಲ್ಲೇ ಅದರ ಪೇಟೆಂಟ್ ಪಡೆದಿದ್ದ. ಎರಡು ವಯರು ಒಂದಕ್ಕೊಂದು ಸುತ್ತಿಕೊಂಡಿದ್ದರೆ ಹೊರಗಿನ ಕಾಟ ಎರಡರ ಮೇಲೂ ಸಮಸಮ ಬೀಳುತ್ತದೆ. ಟ್ರಾನ್ಸ್‌ಫಾರ್ಮರಿಗೆ ಎರಡರ ನಡುವಿನ ವ್ಯತ್ಯಾಸ ಮಾತ್ರ ಕಾಣುತ್ತದೆ, ಎರಡಕ್ಕೂ ಸಮವಾದದ್ದು ಕಾಣುವುದಿಲ್ಲ. ಮೇಲಿಂದ, ಟ್ರಾನ್ಸ್‌ಫಾರ್ಮರಿನ ಒಂದು ಸುರುಳಿಯಿಂದ ಇನ್ನೊಂದಕ್ಕೆ ತಾಮ್ರದ ಸಂಪರ್ಕವೇ ಇಲ್ಲ, ಆಯಸ್ಕಾಂತದ ಮೂಲಕ ಪದ ದಾಟುತ್ತದೆ. ಚಾವಡಿಯ ಅರ್ತು ಚಾವಡಿಯಲ್ಲಿ, ಕೊಟ್ಟಿಗೆಯ ಅರ್ತು ಕೊಟ್ಟಿಗೆಯಲ್ಲಿ. ಎರಡೂ ಪ್ಲಗ್ಗಿನ ಮೂರು ಪಿನ್ನೂ ಹಾಗೆಯೇ ಉಳಿಯುತ್ತವೆ.

ವಯರಿಗೆ ಕ್ಯಾಟ್ 6 (ನಾಲ್ಕು ಹೆಣೆದ ಜೋಡಿ ಇರುವ ನೆಟ್‌ವರ್ಕ್ ಕೇಬಲ್) ಆರಿಸಿದೆ, ಹೊರಗೆ ಹಾಕುವ ಕಪ್ಪು ಜಾಕೆಟಿನದ್ದು. ಶೀಲ್ಡ್ ಇರುವ ನಮೂನೆ ಬೇಡ, ಇಲ್ಲಿ ಅದರಿಂದ ಲಾಭವಿಲ್ಲ. ಅಂಗಡಿಯಲ್ಲಿ ಅರ್ಧ ಬೆಲೆಗೆ ಸಿಗುವುದು ತಾಮ್ರದ ಲೇಪದ ಅಲ್ಯೂಮಿನಿಯಂ. ಕತ್ತಿಯ ಮೊನೆಯಲ್ಲಿ ಎಳೆಯನ್ನು ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ, ಎರಡು ಸಲ ಬಗ್ಗಿಸಿದರೆ ಟಕ್ಕೆಂದು ಮುರಿಯುತ್ತದೆ. ತಂದದ್ದನ್ನು ಎಳೆಯುವ ಮೊದಲು ಒಂದು ತುದಿಯಲ್ಲಿ ಜೋಡಿಯನ್ನು ಸೇರಿಸಿ ಇನ್ನೊಂದು ತುದಿಯಲ್ಲಿ ಓಮ್ ಅಳೆಯಿರಿ. 23 ಗೇಜಿನ ಶುದ್ಧ ತಾಮ್ರವಾದರೆ 45 ಮೀಟರಿಗೆ ಆರರ ಹತ್ತಿರ ಬರಬೇಕು. ಒಂಬತ್ತು, ಹತ್ತು ತೋರಿಸಿದರೆ ಅಂಗಡಿಗೆ ವಾಪಸ್.

ಅಗೆಯುವ ಕೆಲಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮುರಕಲ್ಲಿನ ನೆಲಕ್ಕೆ ಪಿಕ್ಕಾಸು ಹಾಕಿದವರಿಗೆ ಗೊತ್ತು. ಅಂಗಳದ ನಡುವೆ ಅಡಿಕೆ ಹರಗುವುದರಿಂದ ಅಂಚಿನಲ್ಲೇ ಸುತ್ತು ಹಾಕಿ ಒಂದು ಇಂಚಿನ ಪಿವಿಸಿ ಪೈಪು ಹುಗಿದೆವು. ಕೊಟ್ಟಿಗೆಗೆ ಹೋಗುವ ಕರೆಂಟಿನ ಕೇಬಲಿನಿಂದ ಒಂದು ಅಡಿ ದೂರ, ದಾಟಲೇಬೇಕಾದ ಒಂದು ಕಡೆ ನೇರ ಅಡ್ಡಕ್ಕೆ. ಪೈಪಿನ ಅತಿ ತಗ್ಗಿನ ಜಾಗದಲ್ಲಿ ಅಡಿಯಿಂದ ಒಂದು ತೂತು, ಯಾಕೆಂದರೆ ಮಳೆಗಾಲದಲ್ಲಿ ನೀರು ಹೇಗಾದರೂ ಒಳಗೆ ಬಂದೇ ಬರುತ್ತದೆ, ಹೊರಗೆ ಹೋಗಲು ದಾರಿ ಇರಬೇಕು. ಎಳೆಯುವಾಗ ಜಗ್ಗಾಟ ಬೇಡ. ಈ ಜಾತಿ ಕೇಬಲಿಗೆ ಹೇಳಿದ ಮಿತಿ 110 ನ್ಯೂಟನ್, ಅಂದರೆ ಹನ್ನೊಂದು ಕಿಲೋ ತೂಗುವಷ್ಟು. ಅದಕ್ಕಿಂತ ಜಾಸ್ತಿ ಜಗ್ಗಿದರೆ ಒಳಗಿನ ಹೆಣಿಗೆ ಸಡಿಲವಾಗುತ್ತದೆ. ಭಾವ ಒಂದು ಕಡೆಯಿಂದ ತಳ್ಳುತ್ತ, ನಾನು ಇನ್ನೊಂದು ಕಡೆಯಿಂದ ಹಗ್ಗ ಹಿಡಿದು ನಿಧಾನಕ್ಕೆ ಬರಮಾಡಿದೆವು. ಎರಡು ಬಾಯಿಗೂ ಸಿಲಿಕೋನ್. ಇರುವೆ, ಹಲ್ಲಿ, ಇಲಿ ಮೂವರಿಗೂ ಪೈಪೆಂದರೆ ಪ್ರೀತಿ.

ಕ್ಯಾಟ್ 6ರ ಎಳೆ ಒಂದೇ ಗಟ್ಟಿ ತಂತಿ, ಅದಕ್ಕೆ ನೇರ ಪಿನ್ನು ಬೆಸುಗೆ ಹಾಕಿ ಅಲ್ಲಾಡಿಸುತ್ತಿದ್ದರೆ ಬುಡದಲ್ಲೇ ತುಂಡಾಗುತ್ತದೆ. ಎರಡು ತುದಿಗೂ ಗೋಡೆಯ ಮೇಲೆ ನೆಟ್‌ವರ್ಕ್ ಬಾಕ್ಸ್ ಕೂರಿಸಿ, ಅಲ್ಲಿಂದ ಮೆತ್ತಗಿನ ಗಿಡ್ಡ ಕಾರ್ಡ್ ತೆಗೆದೆ. ಚಾವಡಿಯ ಬದಿ: ಮಿಕ್ಸರಿನ ಬ್ಯಾಲೆನ್ಸ್‌ಡ್ ಔಟಿನ (ಅರ್ತ್ ಬಿಟ್ಟು ಎರಡು ಎಳೆಯಲ್ಲಿ ಪದ ಕೊಡುವ ತೂತು) ಪಿನ್ನಿನ ತುದಿ ಮತ್ತು ನಡುಬಳೆಯಿಂದ ಕಿತ್ತಳೆ ಜೋಡಿಗೆ, ಹಿಂದಿನ ಅರ್ತಿನ ಭಾಗವನ್ನು ಯಾವುದಕ್ಕೂ ಕೊಡಲಿಲ್ಲ. ಬ್ಯಾಲೆನ್ಸ್‌ಡ್ ಔಟ್ ಇಲ್ಲದ ಸೆಟ್ಟಾದರೆ ಆರ್‌ಸಿಎಯ ಕಡ್ಡಿಯನ್ನು ಒಂದು ಎಳೆಗೂ ಬಳೆಯನ್ನು ಇನ್ನೊಂದಕ್ಕೂ ಕೊಟ್ಟರಾಯಿತು. ಅರ್ತಿನ ಸುತ್ತು ಆಗಲೂ ಕಡಿಯುತ್ತದೆ, ಹೊರಗಿನ ಕಾಟ ತಡೆಯುವ ಶಕ್ತಿ ಮಾತ್ರ ಸ್ವಲ್ಪ ಕಡಿಮೆ.

ಟ್ರಾನ್ಸ್‌ಫಾರ್ಮರ್ ವಿಷಯದಲ್ಲಿ ಕಂಜೂಸ್ ಮಾಡಬಾರದು. ಹಳೆಯ ಡಯಲಪ್ ಮೋಡೆಮ್ ಒಡೆದರೆ 600 ಓಮಿನ ಪುಟ್ಟದೊಂದು ಪುಕ್ಕಟೆ ಸಿಗುತ್ತದೆ. ನನ್ನಲ್ಲೂ ಇತ್ತು, ಹಾಕಿ ಕೇಳಿದೆ. ಅದು ಟೆಲಿಫೋನಿನ ಮಾತಿಗೆಂದು ಮಾಡಿದ್ದು, 300ರಿಂದ 3,400 ಹರ್ಟ್ಸ್ ಅದರ ರಾಜ್ಯ. ಅರ್ಥಗಾರಿಕೆ ಚೊಕ್ಕ ಬಂತು, ಮದ್ದಳೆಯ ಎಡದ ಗುಮ್ಮು ಬಂದಾಗ ಒಡೆದ ಸದ್ದು. ಸ್ವರ ಒಂದು ಸ್ಥಾಯಿ ಕೆಳಗಿಳಿದಂತೆ ಅಷ್ಟೇ ವೋಲ್ಟೇಜಿಗೆ ಒಳಗಿನ ಕಬ್ಬಿಣದ ಮೇಲೆ ಆಯಸ್ಕಾಂತದ ಹೊರೆ ಇಮ್ಮಡಿಯಾಗುತ್ತದೆ, ಸಣ್ಣ ಕಬ್ಬಿಣಕ್ಕೆ ಅದು ತಡೆಯುವುದಿಲ್ಲ. ಮಂಗಳೂರಿಗೆ ಹೋಗುವವರ ಹತ್ತಿರ ಹೇಳಿ 10 ಕಿಲೋಓಮಿನ ಒಂದಕ್ಕೊಂದು ಅನುಪಾತದ, ಆಡಿಯೋಗೆಂದೇ ಮಾಡಿದ್ದನ್ನು ತರಿಸಿದೆ. ಇಡೀ ಕೆಲಸದಲ್ಲಿ ಎಲ್ಲಕ್ಕಿಂತ ಹೆಚ್ಚು ದುಡ್ಡು ಹೋದದ್ದು ಇದಕ್ಕೆ, ಹೋಗಬೇಕಾದ್ದೂ ಇದಕ್ಕೇ.

ಅದನ್ನು ಕೂರಿಸುವಾಗ ಒಂದು ಸಂಗತಿ ಗಮನಿಸಿ. ಆಂಪ್ಲಿಫಯರಿನ ಒಳಗೆ ಕರೆಂಟಿನ ದೊಡ್ಡ ಟ್ರಾನ್ಸ್‌ಫಾರ್ಮರ್ ಇದೆ, ಅದರ ಸುತ್ತ ಆಯಸ್ಕಾಂತದ ಕ್ಷೇತ್ರ. ನಮ್ಮ ಪುಟ್ಟದ್ದು ಅದರ ಹತ್ತಿರ ಹೋದರೆ ಗುಂಯ್ ಮತ್ತೆ ಹಿಂದಿನ ಬಾಗಿಲಿನಿಂದ ಬರುತ್ತದೆ. ವಯರು ಜೋಡಿಸಿ, ಪದ ನಿಲ್ಲಿಸಿ, ಟ್ರಾನ್ಸ್‌ಫಾರ್ಮರನ್ನು ಬೆರಳಲ್ಲಿ ಹಿಡಿದು ಆಂಪ್ಲಿಫಯರಿನ ಮೇಲೆ ತಂದೆ. ಬಲಬದಿಯ ಮೂಲೆಗೆ ಬಂದಾಗ ಸ್ಪೀಕರ್ ಗುನುಗಿತು. ಅಲ್ಲಿಯೇ ಕೈ ತಿರುಗಿಸುತ್ತ ಹೋದರೆ ಸದ್ದು ಏರಿತು, ಇಳಿಯಿತು, ಒಂದು ಓರೆಯಲ್ಲಿ ಪೂರ್ತಿ ಅಡಗಿತು, ಇನ್ನಷ್ಟು ತಿರುಗಿಸಿದರೆ ಮತ್ತೆ ಏರಿತು. ಕೈಯೇ ಮೀಟರ್. ಆ ಓರೆಯನ್ನು ಪೆನ್ಸಿಲಿನಲ್ಲಿ ಗುರುತು ಮಾಡಿ, ಎಡಬದಿಗೆ ಎರಡು ಗೇಣು ದೂರದಲ್ಲಿ ಒಂದು ಕಬ್ಬಿಣದ ಬಿಸ್ಕತ್ತು ಡಬ್ಬಿಯೊಳಗೆ ಅದೇ ಓರೆಯಲ್ಲಿ ಬಿಗಿದೆ. ಡಬ್ಬಿಯ ಮೈಯನ್ನು ಆಂಪ್ಲಿಫಯರಿನ ಬದಿಯ ಶೀಲ್ಡಿಗೆ ಮಾತ್ರ ಕೊಟ್ಟದ್ದು, ಲೈನಿನ ಬದಿಗೆ ಇಲ್ಲ. ಡಬ್ಬಿಯಿಂದ ಆಂಪ್ಲಿಫಯರಿಗೆ ಹೋಗುವ ಶೀಲ್ಡ್ ವಯರು ಅರ್ಧ ಮೀಟರಿನ ಒಳಗೆ ಇರಲಿ. ಇಲ್ಲಿ ಉದ್ದ ವಯರು ಹಾಕಿದರೆ ಅದರ ಕೆಪಾಸಿಟೆನ್ಸು ಟ್ರಾನ್ಸ್‌ಫಾರ್ಮರಿನ ಜೊತೆ ಸೇರಿ ಮೇಲಿನ ಸ್ವರಗಳನ್ನು ಕೆಡಿಸುತ್ತದೆ. ಡಬ್ಬಿಯ ಮುಚ್ಚಳದಲ್ಲಿ 10 ಕಿಲೋಓಮಿನ ಒಂದು ಪಾಟ್ ಇಟ್ಟೆ, ವಾಲ್ಯೂಮು ಈಗ ಕೇಳುವವರ ಕೈಯಲ್ಲಿ.

ಸ್ವಿಚ್ಚು ಹಾಕಿದಾಗ ಮೊದಲು ಕರೆಂಟು ಬಂದಿಲ್ಲವೇನೋ ಎಂದು ಆಂಪ್ಲಿಫಯರಿನ ದೀಪ ನೋಡಬೇಕಾಯಿತು. ಅಷ್ಟು ಮೌನ. ಮಿಕ್ಸರಿಗೂ ಆಂಪ್ಲಿಫಯರಿಗೂ ನಡುವಿನ 0.6 ವೋಲ್ಟ್ ಅಲ್ಲಿಯೇ ಇದೆ, ಅಳೆದೆ. ಅದಕ್ಕೆ ಹರಿಯಲು ದಾರಿ ಇಲ್ಲ, ಅಷ್ಟೇ. ಮೊಬೈಲಿನ ಸ್ಪೆಕ್ಟ್ರಮ್ ಆಪಿನಲ್ಲಿ ಮೊದಲು 50, 150, 250ರಲ್ಲಿ ಸಾಲಾಗಿ ಎದ್ದು ನಿಂತಿದ್ದ ಕಂಬಗಳು ಮಲಗಿವೆ. ಫ್ಯಾನಿನ ರೆಗ್ಯುಲೇಟರ್ ಎರಡರಲ್ಲಿಟ್ಟರೆ ಸಣ್ಣಗೆ ಚಿರ್ ಎನ್ನುತ್ತದೆ, ಅದು ಲೈನಿನದ್ದಲ್ಲ. ಶಾರ್ಟ್ ಮಾಡಿದ ಪಿನ್ನು ಚುಚ್ಚಿದಾಗಲೂ ಇದೆ. ಹಳೆಯ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಬದಲಿಸಿದರೆ ಹೋದೀತು, ಈಗ ಅದಕ್ಕೆ ಅವಸರವಿಲ್ಲ.

ಕಳಿಸುವ ಮಟ್ಟವನ್ನು ಮಾತ್ರ ಸ್ವಲ್ಪ ಹೊಂದಿಸಿಕೊಂಡೆ. ಮಿಕ್ಸರ್ ತನ್ನ ವೃತ್ತಿಪರ ಮಟ್ಟದಲ್ಲಿ 1.23 ವೋಲ್ಟ್ ಕೊಡುತ್ತದೆ, ಆಂಪ್ಲಿಫಯರಿನ ಆಕ್ಸಿಗೆ ಅದರ ನಾಲ್ಕರಲ್ಲಿ ಒಂದು ಪಾಲು ಸಾಕು. ಲೈನಿನಲ್ಲಿ ಜೋರಾಗಿ ಕಳಿಸಿ ಆ ತುದಿಯಲ್ಲಿ ಇಳಿಸುವುದು ಪುಸ್ತಕದ ಕ್ರಮ. ಆದರೆ ಮದ್ದಳೆಯ ಕೆಳಸ್ವರದಲ್ಲಿ ಟ್ರಾನ್ಸ್‌ಫಾರ್ಮರಿಗೆ ಉಸಿರಾಡಲು ಜಾಗ ಬೇಕು. ಅರ್ಧ ವೋಲ್ಟಿನ ಆಸುಪಾಸು ನಿಲ್ಲುವ ಹಾಗೆ ಮಿಕ್ಸರಿನ ಫೇಡರಿಗೆ (ಮಟ್ಟ ಏರಿಸಿ ಇಳಿಸುವ ಜಾರುಗುಂಡಿ) ಬಿಳಿ ಪೈಂಟಿನ ಗೆರೆ ಎಳೆದಿದ್ದೇನೆ, ದೊಡ್ಡಪ್ಪ ಅದರ ಮೇಲೆ ದಾಟಿಸುವುದಿಲ್ಲ. ಸುಲಿಯುತ್ತ ಕೂತಿದ್ದ ಅಕ್ಕ ಒಬ್ಬರು ತಲೆ ಎತ್ತದೆಯೇ "ಇತ್ತೆ ಚೆಂಡೆ ಕೇಣುಂಡು" (ಈಗ ಚೆಂಡೆ ಕೇಳುತ್ತದೆ) ಎಂದು ತುಳುವಿನಲ್ಲಿ ಹೇಳಿದರು. ಸ್ಪೆಕ್ಟ್ರಮ್ ಆಪಿಗಿಂತ ನನಗೆ ಆ ಸರ್ಟಿಫಿಕೇಟು ದೊಡ್ಡದು.

ಉಳಿದದ್ದು ಸಿಡಿಲು. ತುಲಾ ತಿಂಗಳ ಸಂಜೆ ಗುಡುಗು ಸುರುವಾದರೆ ನಮ್ಮ ಕಡೆ ಟಿವಿ, ಮೋಡೆಮಿನ ಪ್ಲಗ್ಗು ಕೀಳುವುದು ದೀಪ ಹಚ್ಚುವಷ್ಟೇ ರೂಢಿಯ ಕೆಲಸ. ಈ ಲೈನೂ ಆ ಪಟ್ಟಿಗೆ ಸೇರಬೇಕು. ತೋಟದ ತೆಂಗಿಗೆ ಸಿಡಿಲು ಹೊಡೆದಾಗ ಎರಡು ಅರ್ತ್ ಗುಂಡಿಗಳ ನಡುವೆ ಒಂದು ಕ್ಷಣಕ್ಕೆ ಸಾವಿರಾರು ವೋಲ್ಟ್ ಏಳಬಹುದು, ಆಡಿಯೋ ಟ್ರಾನ್ಸ್‌ಫಾರ್ಮರಿನ ಒಳಗಿನ ಕೂದಲೆಳೆಯ ಎನಾಮಲ್ ಅದಕ್ಕೆ ತಡೆಯಾಗಲಾರದು. ಕೇಬಲ್ ನೆಲದಡಿ ಇದೆ ಎಂಬ ಧೈರ್ಯವೂ ಬೇಡ, ಬರುವುದು ನೆಲದಿಂದಲೇ. ಹಾಗಾಗಿ ಎರಡೂ ಬಾಕ್ಸಿನ ಪಕ್ಕ ಒಂದೊಂದು ಮರದ ಗೂಟ ಹೊಡೆದಿದ್ದೇನೆ. ಕಾರ್ಡ್ ಕಿತ್ತು ಬಾಕ್ಸಿನಿಂದ ದೂರ ಗೂಟಕ್ಕೆ ನೇತು ಹಾಕುವುದು, ಕರೆಂಟಿನ ಪ್ಲಗ್ಗನ್ನೂ ಕೀಳುವುದು. ಒಂದು ತುದಿ ಮಾತ್ರ ಕಿತ್ತರೆ ಇನ್ನೊಂದು ತುದಿಯ ಸೆಟ್ಟು ಹೋದೀತು, ಎರಡೂ ಕೀಳಬೇಕು. ಸಿಡಿಲಿಗೆ ಹೆದರದ್ದೆಂದರೆ ಬೆಳಕಿನ ಕೇಬಲ್. ಆದರೆ ಟಿವಿಗಳ ಹಿಂದೆ ಇರುವ ಪ್ಲಾಸ್ಟಿಕ್ ಆಪ್ಟಿಕಲ್ ಲೈನು ಹತ್ತು ಮೀಟರಿಗೇ ಸುಸ್ತಾಗುತ್ತದೆ, ಗಾಜಿನ ಫೈಬರಿಗೆ ಎರಡು ತುದಿಗೂ ಬೇರೆ ಪೆಟ್ಟಿಗೆಗಳು ಬೇಕು. ಕ್ಯಾಸೆಟ್ಟಿಗೆ ಅಷ್ಟೆಲ್ಲ ಯಾಕೆ.

ಕೇಬಲಿನಲ್ಲಿ ಇನ್ನೂ ಮೂರು ಜೋಡಿ ಖಾಲಿ ಇವೆ. ನೀಲಿ ಜೋಡಿಯನ್ನು ಮೀಸಲಿಟ್ಟಿದ್ದೇನೆ, ಕಿತ್ತಳೆ ಕೈಕೊಟ್ಟರೆ ಬದಲಿಸಲು. ಕಂದು ಜೋಡಿಗೆ ಅಡಿಗೆಮನೆಯಿಂದ ಒಂದು 12 ವೋಲ್ಟಿನ ಬೆಲ್ಲು ಕೊಡಬೇಕೆಂದು ದೊಡ್ಡಮ್ಮನ ಆಜ್ಞೆಯಾಗಿದೆ: ಚಾಯ ಆಯಿತೆಂದು ಅಂಗಳದಲ್ಲಿ ನಿಂತು ಕೂಗಿದರೆ ಈಗ ಚೆಂಡೆಯ ಸದ್ದಿಗೆ ಯಾರಿಗೂ ಕೇಳುವುದಿಲ್ಲವಂತೆ. ಕೇಬಲಿನ ಒಂದೊಂದು ಜೋಡಿಯ ಹೆಣಿಗೆಯೂ ಬೇರೆ ಬೇರೆ ಬಿಗಿಯಲ್ಲಿರುವುದರಿಂದ ಬೆಲ್ಲು ಒತ್ತಿದರೆ ಪದದಲ್ಲಿ ಟಿಕ್ ಎನ್ನಲಾರದು ಎಂದು ನನ್ನ ಅಂದಾಜು. ಟಿಕ್ ಎಂದರೂ ಬೆಲ್ಲಿನ ಕಾಯಿಲ್‌ಗೆ ಅಡ್ಡಲಾಗಿ ಒಂದು ಡಯೋಡ್ ಹಾಕಿದರಾಯಿತು. ಬೆಲ್ಲು ಬಂದಿದೆ, ಸ್ವಿಚ್ಚು ಇನ್ನು ಕಾಸರಗೋಡಿಗೆ ಹೋದಾಗ ತರಬೇಕು.